ವಿಟೆನ್‌ಬರ್ಗ್: ಸಕಲ ಸಂತರ ದೇವಾಲಯದ ಊರು



ನವೆಂಬರ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಸಕಲ ಸಂತರ ಹಬ್ಬಕ್ಕೂ ಮರುದಿನದ ಮೃತರ ಸ್ಮರಣೆಗೂ ಸಿದ್ಧತೆ ನಡೆಯುತ್ತದೆ. ಸಮಾಧಿಗಳ ಸುತ್ತ ಬೆಳೆದ ಕಳೆ ಕಿತ್ತು, ಸುಣ್ಣ ಬಳಿದು, ಹೂವಿಟ್ಟು ಮೇಣದಬತ್ತಿ ಹಚ್ಚುತ್ತೇವೆ. ಇದಕ್ಕೆ ಒಂದು ದಿನ ಮೊದಲು, ಅಂದರೆ ಅಕ್ಟೋಬರ್ 31ರಂದು, ಲೂಥರನ್ ಸಭೆಯ ಸಹೋದರರು 'ಸುಧಾರಣಾ ದಿನ'ವನ್ನು ಆಚರಿಸುತ್ತಾರೆ. ಈ ಎರಡು ದಿನಗಳು ಒಂದರ ಪಕ್ಕ ಒಂದು ಬಂದದ್ದು ಹೇಗೆ? ಉತ್ತರ ಹುಡುಕುತ್ತ ಹೋದರೆ ನಾವು ತಲುಪುವುದು ಜರ್ಮನಿಯ ಒಂದು ಸಣ್ಣ ಊರಿಗೆ, ಅಲ್ಲಿನ ಒಂದು ದೇವಾಲಯಕ್ಕೆ. ಆ ದೇವಾಲಯದ ಹೆಸರೇ 'ಸಕಲ ಸಂತರ ದೇವಾಲಯ'.

ಊರಿನ ಹೆಸರು ವಿಟೆನ್‌ಬರ್ಗ್. ಮಾರ್ಟಿನ್ ಲೂಥರ್ ಎಂದ ಕೂಡಲೇ ನೆನಪಾಗುವ ಊರು. ನಮ್ಮಲ್ಲಿ ಕೆಲವರಿಗೆ ಲೂಥರ್ ಎಂದರೆ ಧರ್ಮಸಭೆಯನ್ನು ಒಡೆದ ಹಟಮಾರಿ ಸಂನ್ಯಾಸಿ. ಇನ್ನು ಕೆಲವರಿಗೆ ತಪ್ಪೇ ಮಾಡದ ವೀರ. ಎರಡೂ ಪೂರ್ಣ ಸತ್ಯವಲ್ಲ. ಈ ಸಲ ಆ ಊರಿನ ಕಥೆಯನ್ನೇ ತುಸು ನಿಧಾನವಾಗಿ ನೋಡೋಣ.

ಬಿಳಿ ಗುಡ್ಡದ ಊರು

ಬರ್ಲಿನ್ ನಗರದಿಂದ ನೈಋತ್ಯಕ್ಕೆ ಸುಮಾರು 100 ಕಿ.ಮೀ. ದೂರದಲ್ಲಿ, ಎಲ್ಬೆ ನದಿಯ ದಡದಲ್ಲಿ ಈ ಊರಿದೆ. ಹೆಸರಿಗೆ 'ಬಿಳಿ ಗುಡ್ಡ' ಎಂಬ ಅರ್ಥ. 1293ರಲ್ಲಿ ಪಟ್ಟಣದ ಹಕ್ಕುಗಳು ದೊರೆತವು. ಆದರೂ 1500ರ ಸುಮಾರಿಗೆ ಇಲ್ಲಿದ್ದ ಜನ ಎರಡು ಮೂರು ಸಾವಿರಕ್ಕೆ ಮೀರಿರಲಿಲ್ಲ. ಇಂಥ ಊರಿಗೆ ಹೊಸ ಕಳೆ ತಂದವರು ಸ್ಯಾಕ್ಸನಿಯ ದೊರೆ ಫ್ರೆಡರಿಕ್. ಚಕ್ರವರ್ತಿಯನ್ನು ಆರಿಸುವ ಹಕ್ಕಿದ್ದ ಏಳು ಮಂದಿಯಲ್ಲಿ ಅವರೂ ಒಬ್ಬರು. 'ವಿವೇಕಿ ಫ್ರೆಡರಿಕ್' ಎಂದೇ ಚರಿತ್ರೆ ಅವರನ್ನು ಕರೆಯುತ್ತದೆ. 1502ರಲ್ಲಿ ಅವರು ಇಲ್ಲಿ ವಿಶ್ವವಿದ್ಯಾನಿಲಯ ಸ್ಥಾಪಿಸಿದರು. ಕೋಟೆಮನೆಯನ್ನೂ ಅದಕ್ಕೆ ಸೇರಿದ ಸಕಲ ಸಂತರ ದೇವಾಲಯವನ್ನೂ ಹೊಸದಾಗಿ ಕಟ್ಟಿಸಿದರು.

ಫ್ರೆಡರಿಕ್ ಬಹು ಭಕ್ತಿವಂತ ಕಥೋಲಿಕರು. 1493ರಲ್ಲಿ ಪವಿತ್ರ ನಾಡಿಗೆ ಯಾತ್ರೆ ಮಾಡಿ ಬಂದವರು. ಸಂತರ ಪವಿತ್ರ ಅವಶೇಷಗಳನ್ನು ಸಂಗ್ರಹಿಸುವುದು ಅವರ ಜೀವನದ ದೊಡ್ಡ ಆಸೆ. 1509ರಲ್ಲಿ ಅಚ್ಚಾದ ಪಟ್ಟಿಯಲ್ಲಿ ಐದು ಸಾವಿರದಷ್ಟಿದ್ದ ಅವಶೇಷಗಳು 1520ರ ಹೊತ್ತಿಗೆ 19,000 ದಾಟಿದ್ದವು. ಸಕಲ ಸಂತರ ಹಬ್ಬದ ವೇಳೆ ಅವುಗಳನ್ನು ದರ್ಶಿಸಲು ಸುತ್ತಲ ಹಳ್ಳಿಗಳಿಂದ ಜನ ಸಾಲುಗಟ್ಟಿ ಬರುತ್ತಿದ್ದರು. ಪ್ರಾರ್ಥಿಸಿ ಕಾಣಿಕೆ ಇತ್ತವರಿಗೆ ದಂಡವಿಮೋಚನೆ ದೊರೆಯುತ್ತಿತ್ತು. ಸುಧಾರಣೆಯ ತವರೂರು ಎನಿಸಿದ ವಿಟೆನ್‌ಬರ್ಗ್ ಮೊದಲು ಕಥೋಲಿಕ ಯಾತ್ರಾಸ್ಥಳವಾಗಿತ್ತೆಂಬುದನ್ನು ನಾವು ಮರೆಯಬಾರದು.

ಪೇರು ಮರದ ಕೆಳಗೆ

1483ರ ನವೆಂಬರ್ 10ರಂದು ಐಸ್‌ಲೇಬೆನ್ ಎಂಬ ಊರಿನಲ್ಲಿ ಹುಟ್ಟಿದ ಗಂಡುಮಗುವಿಗೆ ಮರುದಿನವೇ ದೀಕ್ಷಾಸ್ನಾನವಾಯಿತು. ಅಂದು ಸಂತ ಮಾರ್ಟಿನರ ಹಬ್ಬ. ಆದ್ದರಿಂದ ಮಗುವಿಗೆ ಮಾರ್ಟಿನ್ ಎಂದೇ ಹೆಸರಿಟ್ಟರು. ಕಾನೂನು ಓದಲು ಹೊರಟಿದ್ದ ಆ ಯುವಕ 1505ರಲ್ಲಿ ಎರ್ಫರ್ಟ್ ನಗರದ ಅಗಸ್ಟೀನ್ ಸಭೆಯ ಮಠ ಸೇರಿದರು. 1507ರಲ್ಲಿ ಗುರುಪಟ್ಟ ಪಡೆದರು.

ಮಠದಲ್ಲಿ ಅವರಿಗೆ ನೆಮ್ಮದಿ ಇರಲಿಲ್ಲ. ದೇವರು ತನ್ನನ್ನು ಕ್ಷಮಿಸಿದ್ದಾರೋ ಇಲ್ಲವೋ ಎಂಬ ಅಂಜಿಕೆ ಸದಾ ಕಾಡುತ್ತಿತ್ತು. ಒಂದೇ ಪಾಪನಿವೇದನೆಯಲ್ಲಿ ಗಂಟೆಗಟ್ಟಲೆ ಕಳೆಯುತ್ತಿದ್ದರು. ಆಗ ಅವರಿಗೆ ತಂದೆಯಂತೆ ದೊರೆತವರು ಆ ಸಭೆಯ ಮೇಲಧಿಕಾರಿ, ಸ್ವಾಮಿ ಯೊಹಾನ್ ಫಾನ್ ಸ್ಟೌಪಿಟ್ಸ್. ವಿಟೆನ್‌ಬರ್ಗ್ ವಿಶ್ವವಿದ್ಯಾನಿಲಯದ ದೈವಶಾಸ್ತ್ರ ವಿಭಾಗದ ಮೊದಲ ಡೀನ್ ಅವರೇ. ನಿನ್ನ ಪಾಪಗಳನ್ನೇ ಎಣಿಸುತ್ತ ಕೂರಬೇಡ, ಶಿಲುಬೆಯ ಮೇಲಿರುವ ಯೇಸುವಿನ ಗಾಯಗಳನ್ನು ನೋಡು ಎಂದು ಅವರು ಬೋಧಿಸಿದರು.

ವಿಟೆನ್‌ಬರ್ಗಿನ ಮಠದ ಅಂಗಳದಲ್ಲಿ ಒಂದು ಪೇರು ಮರವಿತ್ತು. ಅದರ ಕೆಳಗೆ ಕುಳಿತಿದ್ದಾಗ ಸ್ಟೌಪಿಟ್ಸ್ ಸ್ವಾಮಿಗಳು, ನೀನು ಡಾಕ್ಟರ್ ಪದವಿ ಪಡೆದು ಪವಿತ್ರ ಗ್ರಂಥವನ್ನು ಬೋಧಿಸಬೇಕು ಎಂದರಂತೆ. ನನ್ನಿಂದಾಗದು, ಈ ಹೊರೆ ಹೊತ್ತರೆ ಹೆಚ್ಚು ದಿನ ಬದುಕಲಾರೆ ಎಂದು ಲೂಥರ್ ಹಿಂಜರಿದಾಗ, ಸತ್ತರೂ ಚಿಂತೆಯಿಲ್ಲ, ಪರಲೋಕದಲ್ಲಿಯೂ ದೇವರಿಗೆ ಬುದ್ಧಿವಂತರು ಬೇಕಾಗಿದ್ದಾರೆ ಎಂದು ಅವರು ನಗೆಯಾಡಿದರಂತೆ. ಇದನ್ನು ಲೂಥರ್ ಮುದಿವಯಸ್ಸಿನವರೆಗೂ ನೆನೆಯುತ್ತಿದ್ದರು. 1512ರ ಅಕ್ಟೋಬರಿನಲ್ಲಿ ಅವರಿಗೆ ಡಾಕ್ಟರ್ ಪದವಿ ದೊರೆಯಿತು. ವಿಶ್ವವಿದ್ಯಾನಿಲಯದಲ್ಲಿ ಕೀರ್ತನೆಗಳನ್ನೂ ಸಂತ ಪೌಲರ ಪತ್ರಗಳನ್ನೂ ಬೋಧಿಸಿದರು. ಊರಿನ ಸಂತ ಮರಿಯಮ್ಮನವರ ದೇವಾಲಯದಲ್ಲಿ ಪ್ರಬೋಧನೆ ಮಾಡಿದರು. ಊರ ಜನರ ಪಾಪನಿವೇದನೆ ಕೇಳಿದರು.

ಗಡಿಯಾಚೆಯ ಮಾರಾಟ

ಕಥೆಯ ತಿರುವು ಬಂದದ್ದು ಇಲ್ಲಿ. ದಂಡವಿಮೋಚನೆಯ ಕುರಿತು ಧರ್ಮಸಭೆಯ ಬೋಧನೆ ಸ್ಪಷ್ಟವಾಗಿದೆ. ಅದು ಪಾಪದ ಕ್ಷಮೆಯಲ್ಲ. ಪಾಪಕ್ಕೆ ಕ್ಷಮೆ ದೊರೆಯುವುದು ಪಶ್ಚಾತ್ತಾಪದಿಂದ, ಪಾಪನಿವೇದನೆಯಿಂದ. ಕ್ಷಮೆಯಾದ ಪಾಪದ ನಂತರ ಉಳಿಯುವ ತಾತ್ಕಾಲಿಕ ದಂಡದಿಂದ ಬಿಡುಗಡೆ ನೀಡುವುದೇ ದಂಡವಿಮೋಚನೆ. ಆದರೆ ಆ ಕಾಲದಲ್ಲಿ ಈ ಬೋಧನೆಯನ್ನು ಹಣ ಕೂಡಿಸುವ ದಾರಿಯಾಗಿಸಿಕೊಂಡವರಿದ್ದರು.

ಆಲ್ಬ್ರೆಕ್ಟ್ ಎಂಬ ರಾಜಮನೆತನದ ಯುವಕ 1513ರಲ್ಲಿ ಮಾಗ್ಡೆಬರ್ಗಿಗೂ 1514ರಲ್ಲಿ ಮೈನ್ಸಿಗೂ ಮಹಾಧರ್ಮಾಧ್ಯಕ್ಷರಾದರು. ಹೀಗೆ ಒಂದಕ್ಕಿಂತ ಹೆಚ್ಚು ಪೀಠಗಳನ್ನು ಹೊಂದಲು ರೋಮಿಗೆ ದೊಡ್ಡ ಮೊತ್ತ ಕೊಡಬೇಕಾಯಿತು. ಆ ಹಣವನ್ನು ಆಗ್ಸ್‌ಬರ್ಗಿನ ಫುಗ್ಗರ್ ಮನೆತನದಿಂದ ಸಾಲ ತಂದರು. ಸಾಲ ತೀರಿಸಲು ಒಂದು ಏರ್ಪಾಡಾಯಿತು. ರೋಮಿನ ಸಂತ ಪೇತ್ರರ ಮಹಾದೇವಾಲಯ ಕಟ್ಟಲೆಂದು ಸಾರಿದ ದಂಡವಿಮೋಚನೆಯ ಕಾಣಿಕೆಯಲ್ಲಿ ಅರ್ಧ ರೋಮಿಗೆ, ಅರ್ಧ ಸಾಲಕ್ಕೆ. ಅದನ್ನು ಸಾರುತ್ತ ಊರೂರು ತಿರುಗಿದವರು ದೊಮಿನಿಕನ್ ಸಂನ್ಯಾಸಿ ಯೊಹಾನ್ ಟೆಟ್ಸೆಲ್.

ದೊರೆ ಫ್ರೆಡರಿಕ್ ಟೆಟ್ಸೆಲರಿಗೆ ತಮ್ಮ ರಾಜ್ಯದೊಳಗೆ ಬರಲು ಅನುಮತಿ ಕೊಡಲಿಲ್ಲ. ತಮ್ಮ ದೇವಾಲಯಕ್ಕೆ ಬರುವ ಯಾತ್ರಿಕರು ಕಡಿಮೆಯಾದಾರೆಂಬ ಚಿಂತೆಯೂ ಅದರಲ್ಲಿತ್ತು. ಆದರೆ ಗಡಿ ದಾಟುವುದು ಕಷ್ಟವೇನಲ್ಲವೆಂದು ಗಡಿನಾಡಿನ ನಮಗೆ ಹೇಳಿಕೊಡಬೇಕೇ? ವಿಟೆನ್‌ಬರ್ಗಿನ ಜನ ಗಡಿಯಾಚೆಯ ಯೂಟರ್‌ಬೋಗ್, ಸೆರ್ಬ್‌ಸ್ಟ್ ಊರುಗಳಿಗೆ ಹೋಗಿ ಪತ್ರ ಕೊಂಡು ತಂದರು. ಪತ್ರವಿದ್ದ ಮೇಲೆ ಪಶ್ಚಾತ್ತಾಪವೇಕೆ, ಬದುಕನ್ನು ತಿದ್ದಿಕೊಳ್ಳುವುದೇಕೆ ಎಂಬ ಭಾವನೆ ಜನರಲ್ಲಿ ಬೆಳೆಯಿತು. ಪಾಪನಿವೇದನೆ ಕೇಳುತ್ತಿದ್ದ ಗುರುವಿನ ಮನಸ್ಸಿಗೆ ಇದು ಚುಚ್ಚಿತು. ಲೂಥರರ ಪ್ರತಿಭಟನೆ ಹುಟ್ಟಿದ್ದು ತಮ್ಮ ಕುರಿಗಳ ಆತ್ಮದ ಬಗ್ಗೆ ಕುರುಬನಿಗಿದ್ದ ಕಳವಳದಿಂದ.

1517ರ ಅಕ್ಟೋಬರ್ 31ರಂದು, ಸಕಲ ಸಂತರ ಹಬ್ಬದ ಮುನ್ನಾದಿನ, ಅವರು ಮಹಾಧರ್ಮಾಧ್ಯಕ್ಷ ಆಲ್ಬ್ರೆಕ್ಟರಿಗೆ ಪತ್ರ ಬರೆದರು. ಜೊತೆಗೆ ಲತೀನ್ ಭಾಷೆಯಲ್ಲಿ ಚರ್ಚೆಗೆಂದು ಸಿದ್ಧಪಡಿಸಿದ 95 ವಾಕ್ಯಗಳನ್ನು ಇಟ್ಟರು. ಅವುಗಳಲ್ಲಿ ಮೊದಲನೆಯದು, ಕ್ರೈಸ್ತನ ಇಡೀ ಜೀವನವೇ ಪಶ್ಚಾತ್ತಾಪವಾಗಿರಬೇಕೆಂಬುದು. ಇದನ್ನು ಯಾವ ಕಥೋಲಿಕನೂ ಅಲ್ಲಗಳೆಯಲಾರ. ಸುತ್ತಿಗೆ ಹಿಡಿದು ಸಕಲ ಸಂತರ ದೇವಾಲಯದ ಬಾಗಿಲಿಗೆ ಅವರು ಮೊಳೆ ಹೊಡೆದ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಆ ಘಟನೆ ನಡೆಯಿತೇ ಎಂಬ ಪ್ರಶ್ನೆಯನ್ನು 1961ರಲ್ಲಿ ಎತ್ತಿದವರು ಕಥೋಲಿಕ ಚರಿತ್ರೆಕಾರ ಎರ್ವಿನ್ ಇಸೆರ್ಲೋ; ಪಂಡಿತರು ಇಂದಿಗೂ ಚರ್ಚಿಸುತ್ತಿದ್ದಾರೆ. ಪತ್ರ ಬರೆದದ್ದರಲ್ಲಿ ಮಾತ್ರ ಸಂದೇಹವಿಲ್ಲ.

ಕೇಳಿಸಿಕೊಳ್ಳದ ಕಿವಿಗಳು

ಆ ಪತ್ರಕ್ಕೆ ಧರ್ಮಪಾಲಕರಿಂದ ಒಂದು ಸಮಾಧಾನದ ಉತ್ತರ ಬಂದಿದ್ದರೆ? ಬರಲಿಲ್ಲ. ಆಲ್ಬ್ರೆಕ್ಟ್ ಕಾಗದಗಳನ್ನು ರೋಮಿಗೆ ರವಾನಿಸಿದರು. ಇತ್ತ ಅಚ್ಚುಯಂತ್ರಗಳು ಆ 95 ವಾಕ್ಯಗಳನ್ನು ಜರ್ಮನಿಯ ತುಂಬ ಹರಡಿದವು. ವಾದ ಬೆಳೆದಂತೆ ಮಾತು ಬಿರುಸಾಯಿತು. ದಂಡವಿಮೋಚನೆಯಿಂದ ಆರಂಭವಾದದ್ದು ಜಗದ್ಗುರುಗಳ ಅಧಿಕಾರದವರೆಗೆ, ಸಂಸ್ಕಾರಗಳವರೆಗೆ ಹೋಯಿತು. 1520ರ ಜೂನಿನಲ್ಲಿ ರೋಮಿನಿಂದ ಎಚ್ಚರಿಕೆಯ ಶಾಸನ ಬಂತು. ಡಿಸೆಂಬರ್ 10ರಂದು ವಿಟೆನ್‌ಬರ್ಗಿನ ಎಲ್ಸ್‌ಟರ್ ದ್ವಾರದ ಹೊರಗೆ ಲೂಥರ್ ಅದನ್ನು ಬೆಂಕಿಗೆ ಹಾಕಿದರು. 1521ರ ಜನವರಿ 3ರಂದು ಅವರನ್ನು ಬಹಿಷ್ಕರಿಸಲಾಯಿತು. ಮೂರೇ ವರ್ಷಗಳಲ್ಲಿ ಮಾತುಕತೆಯ ದಾರಿ ಮುಚ್ಚಿತು.

ಮುಂದಿನದು ವೇಗವಾಗಿ ನಡೆಯಿತು. ವಾರ್ಟ್‌ಬರ್ಗ್ ಕೋಟೆಯಲ್ಲಿ ಅಡಗಿದ್ದಾಗ ಲೂಥರ್ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದರು. 1522ರ ಸೆಪ್ಟೆಂಬರಿನಲ್ಲಿ ಅದು ವಿಟೆನ್‌ಬರ್ಗಿನಲ್ಲಿ ಅಚ್ಚಾಯಿತು. ಅದಕ್ಕೂ ಮೊದಲೇ ಹದಿನೆಂಟು ಜರ್ಮನ್ ಬೈಬಲ್ ಮುದ್ರಣಗಳು ಬಂದಿದ್ದವು. ಆದರೆ ಮನೆಯ ತಾಯಿ, ಬೀದಿಯ ಮಗು, ಸಂತೆಯ ರೈತ ಆಡುವ ಮಾತಿನಂತೆ ಓದಿಸಿಕೊಂಡ ಬೈಬಲ್ ಇದು. ಪೂರ್ಣ ಬೈಬಲ್ 1534ರಲ್ಲಿ ಹೊರಬಂತು. ಶಾಲೆಯಲ್ಲಿ ಮಲಯಾಳವನ್ನೋ ತಮಿಳನ್ನೋ ಮರಾಠಿಯನ್ನೋ ಓದಿಯೂ ದೇವರ ಮುಂದೆ ಕನ್ನಡದಲ್ಲೇ ಬಾಯಿ ತೆರೆಯುವ ನಮಗೆ ತಾಯ್ನುಡಿಯ ದೇವವಾಕ್ಯದ ಬೆಲೆ ಗೊತ್ತು. ನಮ್ಮ ಬಲಿಪೂಜೆಗೆ ಆ ದಾರಿ ತೆರೆದದ್ದು 1963ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆಯಿಂದ.

ಅದೇ ಹೊತ್ತಿಗೆ ಊರಿನಲ್ಲಿ ಗಲಭೆಯೂ ಎದ್ದಿತ್ತು. ದೇವಾಲಯಗಳ ಸ್ವರೂಪಗಳನ್ನು ಒಡೆದರು. ಸುದ್ದಿ ತಿಳಿದು ಲೂಥರರೇ 1522ರ ಮಾರ್ಚಿನಲ್ಲಿ ಓಡಿ ಬಂದು, ಬಲಾತ್ಕಾರದಿಂದ ವಿಶ್ವಾಸ ಹುಟ್ಟದೆಂದು ಎಂಟು ದಿನ ಬೋಧಿಸಿ ಜನರನ್ನು ಶಾಂತಗೊಳಿಸಿದರು. ಆದರೆ 1525ರಲ್ಲಿ ದಂಗೆಯೆದ್ದ ರೈತರನ್ನು ಹೊಡೆದುಹಾಕಿರೆಂದು ಬರೆದವರೂ, 1543ರಲ್ಲಿ ಯೆಹೂದ್ಯರ ವಿರುದ್ಧ ವಿಷದಂಥ ಮಾತು ಬರೆದವರೂ ಅವರೇ. ಲೂಥರನ್ ಸಭೆಗಳೇ ಇಂದು ಆ ಬರಹಗಳನ್ನು ತಿರಸ್ಕರಿಸಿವೆ.

ನಮ್ಮ ಕಡೆಯ ತಪ್ಪನ್ನು ಒಪ್ಪಿಕೊಂಡ ಧ್ವನಿಯೂ ಆಗಲೇ ಕೇಳಿಬಂದಿತ್ತು. 1523ರ ಆರಂಭದಲ್ಲಿ ನ್ಯೂರೆಂಬರ್ಗಿನ ಸಭೆಯಲ್ಲಿ ಪೋಪ್ ಆರನೇ ಏಡ್ರಿಯನ್ನರ ಸಂದೇಶವನ್ನು ಓದಲಾಯಿತು. ರೋಮಿನ ಪೀಠದಲ್ಲಿಯೇ ಬಹುಕಾಲದಿಂದ ಕೆಡುಕು ನಡೆದಿದೆ, ಅದು ತಲೆಯಿಂದ ಅಂಗಗಳಿಗೆ ಹರಡಿದೆ ಎಂದು ಅವರು ಬಿಚ್ಚುಮನಸ್ಸಿನಿಂದ ಒಪ್ಪಿದರು. ಅದೇ ವರ್ಷ ಅವರು ತೀರಿಕೊಂಡರು. ಟ್ರೆಂಟ್ ಮಹಾಸಭೆ ಸೇರಿದ್ದು 1545ರ ಡಿಸೆಂಬರಿನಲ್ಲಿ. ಲೂಥರ್ ತೀರಿಕೊಂಡದ್ದು 1546ರ ಫೆಬ್ರುವರಿ 18ರಂದು. ದಂಡವಿಮೋಚನೆಯ ಹೆಸರಿನಲ್ಲಿ ಹಣ ಎತ್ತುವವರ ಹುದ್ದೆಯನ್ನೇ ಆ ಮಹಾಸಭೆ ಕಿತ್ತುಹಾಕಿತು. ಆದರೆ ಅಷ್ಟರಲ್ಲಿ ಒಂದು ತಲೆಮಾರು ಕಳೆದುಹೋಗಿತ್ತು.

ಬಿಟ್ಟುಕೊಡದ ತಂದೆ

ಇಲ್ಲಿ ನಾವು ಪೇರು ಮರದ ಕೆಳಗಿನ ಸ್ಟೌಪಿಟ್ಸ್ ಸ್ವಾಮಿಗಳನ್ನು ಮತ್ತೆ ನೆನೆಯಬೇಕು. ಅವರು ಲೂಥರರ ದಾರಿ ಹಿಡಿಯಲಿಲ್ಲ. ಕಥೋಲಿಕರಾಗಿಯೇ ಉಳಿದು, ಸಾಲ್ಸ್‌ಬರ್ಗಿನ ಸಂತ ಪೇತ್ರರ ಬೆನೆಡಿಕ್ಟೀನ್ ಮಠದ ಮಠಾಧಿಪತಿಯಾದರು. 1524ರ ಕೊನೆಯಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ವರ್ಷ ಲೂಥರರಿಗೆ ಬರೆದ ಪತ್ರದಲ್ಲಿ ಅವರು, ನೀನು ಮಾಡುತ್ತಿರುವುದೆಲ್ಲ ನನಗೆ ಅರ್ಥವಾಗುತ್ತಿಲ್ಲ, ಆದರೆ ನಿನ್ನ ಮೇಲಿನ ನನ್ನ ಪ್ರೀತಿ ಕದಲಿಲ್ಲ ಎಂಬ ಅರ್ಥದ ಮಾತುಗಳನ್ನಾಡಿದರು. ಲೂಥರ್ ಕೂಡ ಜೀವನದ ಕೊನೆಯವರೆಗೆ ಅವರನ್ನು ತಮ್ಮ ಆತ್ಮಿಕ ತಂದೆ ಎಂದೇ ಕರೆದರು.

ಅಂದಿನ ಯುರೋಪಿನಲ್ಲಿ ಎರಡು ಕಡೆಯ ಪಂಡಿತರೂ ಪರಸ್ಪರ ಬೈದು ಬರೆದ ಪುಸ್ತಕಗಳಿಗೆ ಲೆಕ್ಕವಿಲ್ಲ. ಅವುಗಳನ್ನು ಇಂದು ಓದುವವರು ಕಡಿಮೆ. ಒಪ್ಪದಿದ್ದರೂ ಪ್ರೀತಿ ಬಿಡದ ಈ ವೃದ್ಧ ಗುರುವಿನ ಪತ್ರ ಮಾತ್ರ ಇಂದಿಗೂ ಮನಸ್ಸಿಗೆ ತಟ್ಟುತ್ತದೆ.

ಊರು ಕಂಡ ದಿನಗಳು

ಲೂಥರರನ್ನು ಸಕಲ ಸಂತರ ದೇವಾಲಯದಲ್ಲಿಯೇ ಹೂಳಲಾಯಿತು. ಮರುವರ್ಷ, 1547ರಲ್ಲಿ, ಕಥೋಲಿಕ ಚಕ್ರವರ್ತಿ ಐದನೇ ಚಾರ್ಲ್ಸ್ ಯುದ್ಧದಲ್ಲಿ ಗೆದ್ದು ಊರನ್ನು ವಶಪಡಿಸಿಕೊಂಡರು. ಸಮಾಧಿಯನ್ನು ಅಗೆಸಿಬಿಡಿ ಎಂದು ಜೊತೆಗಿದ್ದವರು ಒತ್ತಾಯಿಸಿದರೆಂದೂ ಚಕ್ರವರ್ತಿ ಒಪ್ಪಲಿಲ್ಲವೆಂದೂ ಕಥೆಯಿದೆ. ಸಮಾಧಿಗೆ ಯಾರೂ ಕೈಹಚ್ಚಲಿಲ್ಲವೆಂಬುದಂತೂ ನಿಜ. ಸತ್ತವರಿಗೆ ತೋರಿಸಿದ ಆ ಗೌರವ ಬದುಕಿದ್ದವರಿಗೂ ದೊರೆತಿದ್ದರೆ ಎಷ್ಟೋ ರಕ್ತ ಉಳಿಯುತ್ತಿತ್ತು.

1760ರಲ್ಲಿ ಏಳು ವರ್ಷಗಳ ಯುದ್ಧದ ಗುಂಡುಗಳಿಗೆ ದೇವಾಲಯ ಸುಟ್ಟುಹೋಯಿತು. ಹಳೆಯ ಮರದ ಬಾಗಿಲೂ ಬೂದಿಯಾಯಿತು. ಇಂದು ಪ್ರವಾಸಿಗರು ನೋಡುವುದು 95 ವಾಕ್ಯಗಳನ್ನು ಎರಕ ಹೊಯ್ದ 1858ರ ಕಂಚಿನ ಬಾಗಿಲನ್ನು. ನೆಪೋಲಿಯನ್ನನ ಯುದ್ಧಗಳ ನಂತರ 1815ರಲ್ಲಿ ಊರು ಪ್ರಷ್ಯಕ್ಕೆ ಸೇರಿತು. 1817ರಲ್ಲಿ ವಿಶ್ವವಿದ್ಯಾನಿಲಯವನ್ನು ಹಾಲೆ ನಗರದ ವಿಶ್ವವಿದ್ಯಾನಿಲಯದೊಂದಿಗೆ ಕೂಡಿಸಿದರು. ವಿದ್ಯಾರ್ಥಿಗಳಿಲ್ಲದ ಊರು ಬಡವಾಯಿತು.

ಸಂತ ಮರಿಯಮ್ಮನವರ ದೇವಾಲಯದ ಹೊರಗೋಡೆಯ ಮೇಲೆ ಯೆಹೂದ್ಯರನ್ನು ಹಂದಿಯೊಡನೆ ತೋರಿಸಿ ಅಪಹಾಸ್ಯ ಮಾಡುವ ಶಿಲ್ಪವೊಂದಿದೆ. ಅದು ಲೂಥರರಿಗಿಂತ ಸುಮಾರು 200 ವರ್ಷ ಹಳೆಯದು, ಅಂದರೆ ಕಥೋಲಿಕ ಕಾಲದ್ದು. ಅದರ ಕೆಳಗೆ ನೆಲದಲ್ಲಿ 1988ರಲ್ಲಿ ಪಶ್ಚಾತ್ತಾಪದ ಸ್ಮಾರಕ ಇಡಲಾಯಿತು. ಕೆಲವು ಪಾಪಗಳಲ್ಲಿ ನಾವೂ ಅವರೂ ಪಾಲುದಾರರು.

ಎರಡನೇ ಮಹಾಯುದ್ಧದ ನಂತರ ಊರು ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಆಡಳಿತಕ್ಕೆ ಸೇರಿತು. 1983ರ ಸೆಪ್ಟೆಂಬರ್ 24ರ ರಾತ್ರಿ, ಲೂಥರರ ಮನೆಯಂಗಳದಲ್ಲಿ ಒಬ್ಬ ಕಮ್ಮಾರ ಸಾವಿರಾರು ಜನರೆದುರು ಒಂದು ಕತ್ತಿಯನ್ನು ಕಾಯಿಸಿ ಬಡಿದು ನೇಗಿಲ ಗುಳವನ್ನಾಗಿ ಮಾಡಿದ. ಪ್ರವಾದಿ ಯೆಶಾಯನ ಮಾತು ಕಣ್ಣೆದುರೇ ನಡೆದಂತಾಯಿತು. ಆರು ವರ್ಷಗಳ ನಂತರ ಬರ್ಲಿನ್ ಗೋಡೆ ಬಿತ್ತು. 1996ರಲ್ಲಿ ಯುನೆಸ್ಕೊ ಇಲ್ಲಿನ ಲೂಥರ್ ಸ್ಮಾರಕಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ಒಂದು ಮಾತು ನಮ್ಮನ್ನು ಚಿಂತೆಗೆ ಹಚ್ಚುತ್ತದೆ. ಇಂದು ಆ ಪ್ರಾಂತ್ಯದ ಬಹುಪಾಲು ಜನ ಯಾವ ಸಭೆಗೂ ಸೇರದವರು. ಯಾವುದು ನಿಜವಾದ ಸಭೆ ಎಂದು ಕಾದಾಡಿದ ನೆಲದಲ್ಲಿ ಈಗ ಲೂಥರನ್ನರೂ ಅಲ್ಪಸಂಖ್ಯಾತರು, ಕಥೋಲಿಕರೂ ಅಲ್ಪಸಂಖ್ಯಾತರು. ಮನೆಯ ಮಕ್ಕಳು ಜಗಳವಾಡುತ್ತಲೇ ಇದ್ದರೆ ನೆರೆಯವರು ಆ ಮನೆಯ ಹೊಸ್ತಿಲು ತುಳಿಯುವುದುಂಟೇ?

ಐನೂರು ಗಿಡಗಳು

ಒಡೆದದ್ದನ್ನು ಕೂಡಿಸುವ ಕೆಲಸ ನಿಧಾನ. 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಕ್ರೈಸ್ತ ಐಕ್ಯತೆಯ ಕುರಿತು ಆಜ್ಞಾಪತ್ರ ಹೊರಡಿಸಿ, ಒಡಕಿಗೆ ಎರಡೂ ಕಡೆಯವರು ಹೊಣೆ ಎಂದು ಹೇಳಿತು. ಹಲವು ವರ್ಷಗಳ ಮಾತುಕತೆಯ ಬಳಿಕ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಕಥೋಲಿಕ ಧರ್ಮಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಜಂಟಿ ಘೋಷಣೆಗೆ ಸಹಿ ಹಾಕಿದವು. ನಾವು ದೇವರಿಗೆ ಒಪ್ಪಿಗೆಯಾಗುವುದು ನಮ್ಮ ಯೋಗ್ಯತೆಯಿಂದಲ್ಲ, ಕ್ರಿಸ್ತರ ರಕ್ಷಣಾಕಾರ್ಯದಲ್ಲಿಟ್ಟ ವಿಶ್ವಾಸದ ಮೂಲಕ, ದೇವರ ಕೃಪೆಯಿಂದ ಮಾತ್ರ. ಆ ಕೃಪೆಯೇ ನಮ್ಮನ್ನು ಸತ್ಕಾರ್ಯಗಳಿಗೆ ಕರೆಯುತ್ತದೆ ಎಂದು ಎರಡೂ ಕಡೆಯವರು ಒಮ್ಮತದಿಂದ ಸಾರಿದರು. 2011ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟರು ಎರ್ಫರ್ಟಿನ ಲೂಥರರ ಮಠಕ್ಕೆ ಹೋಗಿ ಪ್ರಾರ್ಥಿಸಿದರು. 2016ರ ಅಕ್ಟೋಬರ್ 31ರಂದು ಪೋಪ್ ಫ್ರಾನ್ಸಿಸರು ಸ್ವೀಡನ್ನಿನ ಲುಂಡ್ ನಗರದಲ್ಲಿ ಲೂಥರನ್ನರೊಡನೆ ಪ್ರಾರ್ಥನೆಯಲ್ಲಿ ಪಾಲ್ಗೊಂಡರು. 2017ರ ಜುಲೈನಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟವೂ ಆ ಜಂಟಿ ಘೋಷಣೆಗೆ ಸೇರಿಕೊಂಡಿತು. ಅದಕ್ಕೆ ಆರಿಸಿಕೊಂಡ ಸ್ಥಳ ವಿಟೆನ್‌ಬರ್ಗ್.

ಅದೇ ಊರಿನಲ್ಲಿ 500 ಗಿಡಗಳ ಒಂದು ತೋಟ ಎಬ್ಬಿಸಲಾಗಿದೆ. ಬೇರೆ ಬೇರೆ ಸಭೆಗಳು ಒಂದೊಂದು ಗಿಡ ನೆಟ್ಟು, ಅದಕ್ಕೆ ಜೊತೆಯಾಗಿ ತಮ್ಮ ನೆಲದಲ್ಲಿ ಇನ್ನೊಂದು ಗಿಡ ನೆಡಬೇಕೆಂಬುದು ಯೋಜನೆ. 2009ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನವೇ, ಕಥೋಲಿಕ ಧರ್ಮಸಭೆಯ ಪರವಾಗಿ ಕಾರ್ಡಿನಲ್ ವಾಲ್ಟರ್ ಕಾಸ್ಪರ್ ಅಲ್ಲಿ ಗಿಡ ನೆಟ್ಟರು. ಅದರ ಜೋಡಿ ಗಿಡ ರೋಮಿನ ಸಂತ ಪೌಲರ ಮಹಾದೇವಾಲಯದ ಆವರಣದಲ್ಲಿದೆ.

ನಮ್ಮ ಅಂಗಳದಲ್ಲಿ

ಈ ಕಥೆ ನಮಗೇಕೆ? ಕಾಸರಗೋಡಿನಿಂದ ನೀಲಗಿರಿಯವರೆಗೆ ಬಾಸೆಲ್ ಮಿಷನ್ನಿನ ಹೆಸರು ಕೇಳದ ಕನ್ನಡ ಕ್ರೈಸ್ತರು ಕಡಿಮೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಜರ್ಮನ್, ಸ್ವಿಸ್ ಪಾದ್ರಿಗಳಲ್ಲಿ ಲೂಥರ್ ಪರಂಪರೆಯಲ್ಲಿ ಬೆಳೆದವರು ಹಲವರಿದ್ದರು. ನಮ್ಮ ನುಡಿಗೆ 1894ರಲ್ಲಿ ಮಹಾನಿಘಂಟನ್ನು ಕೊಟ್ಟ ಕಿಟ್ಟೆಲರೂ ಅದೇ ಮಿಷನ್ನಿನವರು. ಅವರು ಕಟ್ಟಿದ ಸಭೆಗಳು ಇಂದು ಸಿ.ಎಸ್.ಐ. ಸಭೆಯ ಭಾಗವಾಗಿವೆ. ಆ ಸಭೆಯವರು ನಮ್ಮ ಬೀದಿಯಲ್ಲಿಯೇ ಇದ್ದಾರೆ. ಎಷ್ಟೋ ಕಡೆ ಬೀಗರೂ ಆಗಿದ್ದಾರೆ.

ಆದರೂ ಮನೆಯ ಹುಡುಗಿ ಆ ಸಭೆಯ ಹುಡುಗನನ್ನು ಮೆಚ್ಚಿದಾಗ, ಮಗ ಬೇರೆ ಸಭೆಯ ಆರಾಧನೆಗೆ ಹೋಗತೊಡಗಿದಾಗ ನಮ್ಮ ಮನೆಗಳಲ್ಲಿ ಆಗುವುದೇನು? ಮಾತು ನಿಲ್ಲುತ್ತದೆ. ಹಬ್ಬಕ್ಕೆ ಕರೆಯುವುದು ನಿಲ್ಲುತ್ತದೆ. ಕೆಲವೊಮ್ಮೆ ಸಾವಿಗೂ ಹೋಗುವುದಿಲ್ಲ. ಧರ್ಮಸಭೆ ಹಾಗೆ ಬೋಧಿಸುವುದಿಲ್ಲ. ನೀರಿನಿಂದ, ಪಿತ ಸುತ ಪವಿತ್ರಾತ್ಮರ ನಾಮದಲ್ಲಿ ಅವರು ಪಡೆದ ದೀಕ್ಷಾಸ್ನಾನವನ್ನು ಧರ್ಮಸಭೆ ಮಾನ್ಯ ಮಾಡುತ್ತದೆ, ಮತ್ತೆ ಕೊಡುವುದಿಲ್ಲ. ಅಂಥವರೊಡನೆ ವಿವಾಹಕ್ಕೆ ಅನುಮತಿ ಪಡೆಯುವ ಕ್ರಮವೂ ಇದೆ. ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಮೊದಲೇ ಕೇಳಿ ತಿಳಿಯಿರಿ. ನಮ್ಮ ವಿಶ್ವಾಸವನ್ನು ನಾವು ಬಿಡಬೇಕಾಗಿಲ್ಲ. ಪರಮಪ್ರಸಾದದಲ್ಲಿ, ಪೋಪರ ಸೇವೆಯಲ್ಲಿ ನಮಗಿರುವ ವಿಶ್ವಾಸ ಸಣ್ಣದಲ್ಲ. ಒಂದೇ ಬಲಿಪೀಠದ ಸುತ್ತ ಕೂಡಲು ಇನ್ನೂ ಆಗುತ್ತಿಲ್ಲವೆಂಬ ನೋವೂ ಸಣ್ಣದಲ್ಲ. ಸ್ಟೌಪಿಟ್ಸ್ ಸ್ವಾಮಿಗಳೂ ತಮ್ಮ ವಿಶ್ವಾಸವನ್ನು ಬಿಡಲಿಲ್ಲ. ಮಗನನ್ನೂ ಬಿಡಲಿಲ್ಲ.

ಈ ನವೆಂಬರಿನಲ್ಲಿ ಸಮಾಧಿಗಳಿಗೆ ಮೇಣದಬತ್ತಿ ಹಚ್ಚುವಾಗ, ಬೇರೆ ಸಭೆಯ ಸ್ಮಶಾನದಲ್ಲಿ ಮಲಗಿರುವ ನಮ್ಮವರೊಬ್ಬರಿಗೂ ಒಂದು ಪ್ರಾರ್ಥನೆ ಹೇಳೋಣ. ಜನವರಿ 18ರಿಂದ 25ರವರೆಗೆ ಬರುವ ಕ್ರೈಸ್ತ ಐಕ್ಯತೆಯ ಪ್ರಾರ್ಥನಾ ವಾರದಲ್ಲಿ, ಮಾತು ಬಿಟ್ಟ ಒಂದು ಮನೆಯ ಬಾಗಿಲು ತಟ್ಟೋಣ. 1517ರಲ್ಲಿ ಬರೆದ ಒಂದು ಪತ್ರಕ್ಕೆ ಪ್ರೀತಿಯ ಉತ್ತರ ಹೊತ್ತಿಗೆ ಸರಿಯಾಗಿ ಹೋಗಲಿಲ್ಲ. ಐನೂರು ವರ್ಷ ಕಳೆದವು. ನಮ್ಮ ಮನೆಗಳಲ್ಲಿ ಉತ್ತರ ಕಾಯುತ್ತಿರುವವರು ಅಷ್ಟು ಕಾಲ ಕಾಯದಿರಲಿ.